ಪಾನಕದ ಹೂಜಿ ಮಾರಲು ಹೋದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವಳು, ಆದರೆ ನನ್ನ ಮನೆಯ ಬೀರುವಿನಲ್ಲಿರುವ ಸಾಮಾನಿನ ಚರಿತ್ರೆ ನನಗೆ ಗೊತ್ತಿರಲಿಲ್ಲ. ಯಾವ ಶಾಸನ ಯಾವ ಊರಿನಲ್ಲಿ ಸಿಕ್ಕಿತು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಪಂಚೆ ಸುತ್ತಿಟ್ಟಿರುವ ಮರದ ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದರೆ ಮಾತ್ರ "ಪಾನಕದ ಹೂಜಿ" ಎಂದುಬಿಡುತ್ತಿದ್ದೆ. ನಮ್ಮಜ್ಜಿ ಹಾಗೆ ಹೇಳಿದ್ದರು, ನಮ್ಮಮ್ಮನೂ ಹಾಗೇ ಹೇಳಿದ್ದರು, ನಾನೂ ಹೇಳಿಕೊಂಡು ಬಂದೆ. ಮಕ್ಕಳು ಪರೀಕ್ಷೆಯಲ್ಲಿ ಪಕ್ಕದವರದನ್ನು ನೋಡಿ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಹೂಜಿ ಎಂದ ಕೂಡಲೇ ಮಣ್ಣಿನದನ್ನು ನೆನೆಯಬೇಡಿ. ಇದರ ಹೊಟ್ಟೆ ಗಾಜಿನದು, ಅದರ ಮೈಮೇಲೆ ಬಳ್ಳಿ, ಎಲೆ, ದ್ರಾಕ್ಷಿ ಗೊಂಚಲು ಕೊರೆದಿದೆ. ಕುತ್ತಿಗೆ, ಹಿಡಿ, ಮುಚ್ಚಳ ಮೂರೂ ಬೆಳ್ಳಿಯವು. ಜೊತೆಗೆ ಆರು ಪುಟ್ಟ ಗಾಜಿನ ಲೋಟಗಳು. ಪ್ರತಿಯೊಂದಕ್ಕೂ ಕಡ್ಡಿಯಂಥ ಕಾಲು, ಕಾಲಿನ ಕೆಳಗೆ ಬೆಳ್ಳಿಯ ಪಾದ. ಒಂದೊಂದರಲ್ಲಿ ಹಿಡಿಯುವುದು ನಾಲ್ಕು ಗುಟುಕು. ಆ ದ್ರಾಕ್ಷಿ ಗೊಂಚಲು ನೋಡಿಯಾದರೂ ನಮ್ಮ ಮನೆಯಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ನಮಗೆ ದ್ರಾಕ್ಷಿ ಎಂದರೆ ಪಂಚಾಮೃತಕ್ಕೆ ಹಾಕುವ ಹಣ್ಣು.

ನಮ್ಮ ತಾತ ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಅವರ ಮೇಲಿದ್ದ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಡುವಾಗ ಮನೆಯ ಸಾಮಾನನ್ನು ಕಚೇರಿಯವರಿಗೆ ಹಂಚಿಬಿಟ್ಟನಂತೆ. ಒಬ್ಬರಿಗೆ ಆರಾಮಕುರ್ಚಿ ಸಿಕ್ಕಿತು, ಇನ್ನೊಬ್ಬರಿಗೆ ನಾಯಿ ಸಿಕ್ಕಿತು, ತಾತನ ಪಾಲಿಗೆ ಈ ಪೆಟ್ಟಿಗೆ ಬಂತು. ತಾತ ಕಾಫಿಗಿಂತ ಜೋರಾದದ್ದನ್ನು ತುಟಿಗೆ ಸೋಕಿಸಿದವರಲ್ಲ. ಇದರಲ್ಲಿ ದೊರೆ ಏನು ಹಾಕಿ ಕುಡಿಯುತ್ತಿದ್ದ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಅಜ್ಜಿಗೆ ಹೇಳದೆ ಇದ್ದದ್ದು ಅವರ ಜಾಣತನ. ಅಜ್ಜಿ ಅದನ್ನು ಮೂರು ಸಲ ಹುಣಸೆಹಣ್ಣಿನಲ್ಲಿ ತೊಳೆದು, ಅರಿಶಿನದ ನೀರು ಚಿಮುಕಿಸಿ, ಮೇಲೆ ಕೆಳಗೆ ನೋಡಿ, ಇದು ರಾಮನವಮಿಯ ಪಾನಕಕ್ಕೆ ಸರಿ ಎಂದು ತೀರ್ಪು ಕೊಟ್ಟರು.

ಅಲ್ಲಿಂದ ಮುಂದಿನ ಕಥೆ ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿತ್ತು. ನಮ್ಮ ಕಡೆ ನೀರಾಗಲಿ ಮಜ್ಜಿಗೆಯಾಗಲಿ ಲೋಟ ಎತ್ತಿ ಕುಡಿಯಬೇಕು, ಕಚ್ಚಿ ಕುಡಿಯಬಾರದು, ಕಚ್ಚಿದರೆ ಎಂಜಲು. ನಮ್ಮ ಬೆಳ್ಳಿ ಲೋಟಗಳ ಅಂಚು ಹೊರಕ್ಕೆ ಬಾಗಿರುವುದೇ ಅದಕ್ಕಾಗಿ, ಮೇಲಿಂದ ಹೊಯ್ದರೆ ನೇರ ಗಂಟಲಿಗೆ ಇಳಿಯಲಿ ಎಂದು. ದೊರೆಯ ಲೋಟದ ಬಾಯಿ ಒಳಕ್ಕೆ ಬಾಗಿತ್ತು. ಮೊದಲ ವರ್ಷ ಪಾನಕವನ್ನು ಎತ್ತಿ ಹೊಯ್ದುಕೊಂಡವರಿಗೆಲ್ಲ ಅದು ಎದೆಯ ಮೇಲೇ ಇಳಿಯಿತು. ಪುರೋಹಿತರ ಶಲ್ಯ ಒದ್ದೆಯಾಗಿ ಇರುವೆ ಮುತ್ತಿಕೊಂಡವಂತೆ. ಅಜ್ಜಿ ಅಲ್ಲೇ ನಿಂತು ಎರಡನೆಯ ತೀರ್ಪು ಕೊಟ್ಟರು: ಗಾಜಿಗೆ ಎಂಜಲು ಹತ್ತುವುದಿಲ್ಲ, ಆದರೆ ವರ್ಷಕ್ಕೆ ಒಂದೇ ದಿನ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಪುರೋಹಿತರು ಕೇಳಬಹುದಿತ್ತು. ಅವರು ಶಲ್ಯ ಹಿಂಡಿಕೊಳ್ಳುತ್ತಿದ್ದರು. ಹೀಗೆ ನಮ್ಮ ಬೀದಿಯ ಅಷ್ಟೂ ಮಡಿವಂತರು ವರ್ಷಕ್ಕೊಂದು ದಿನ ವೈನ್ ಗ್ಲಾಸಿನಲ್ಲಿ ಬೆಲ್ಲದ ಪಾನಕ ಕಚ್ಚಿ ಕುಡಿದು, ಇನ್ನೊಂದು ಸ್ವಲ್ಪ ಹಾಕಿ ಎಂದು ಗ್ಲಾಸು ಚಾಚುತ್ತಿದ್ದರು. ಚಿಕ್ಕವಳಾಗಿದ್ದಾಗ ನಾನೂ ಚಾಚಿದ್ದೇನೆ.

ಅದು ವೈನ್ ಗ್ಲಾಸು ಎಂದು ನನಗೆ ತಿಳಿದದ್ದು ಹೋದ ವರ್ಷ. ಗವಿಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಫೋನಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ನೋಡುತ್ತಿದ್ದೆ. ಅದು ಮುಗಿದು ತಾನಾಗಿ ಇನ್ನೊಂದು ವಿಡಿಯೋ ಶುರುವಾಯಿತು. ಯಾವುದೋ ಹೊರದೇಶ. ಕೈಗೆ ಬಿಳಿ ಗವಸು ಹಾಕಿಕೊಂಡ ಒಬ್ಬಾಕೆ ನಮ್ಮ ಪಾನಕದ ಹೂಜಿಯನ್ನು ಹಿಡಿದುಕೊಂಡು ನಿಂತಿದ್ದಳು. ಅದೇ ಹೊಟ್ಟೆ, ಅದೇ ಕುತ್ತಿಗೆ, ಅದೇ ದ್ರಾಕ್ಷಿ ಗೊಂಚಲು. ಇದು ಕೆಂಪು ವೈನ್ ಬಡಿಸುವ ಜಗ್ಗು ಎಂದು ಹೇಳಿ, ಕೊನೆಗೆ ಅದರ ಬೆಲೆಯನ್ನೂ ಹೇಳಿದಳು. ನಾನು ನಮ್ಮ ಮನೆಯವರನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಹಾಗೆ ಎಬ್ಬಿಸಿದ್ದು ಎರಡೇ ಸಲ, ಮೊದಲನೆಯದು ಅಡುಗೆಮನೆಗೆ ಕೋತಿ ನುಗ್ಗಿದಾಗ.

ಆಸೆ ಹುಟ್ಟಲು ಒಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ನಾನು ಈಜಿಪ್ಟ್ ನೋಡಬೇಕು. ಮೂವತ್ತೊಂದು ವರ್ಷ ಪ್ರತಿ ಜುಲೈ ತಿಂಗಳಲ್ಲಿ ಕಪ್ಪುಹಲಗೆಯ ಮೇಲೆ ಮೂರು ಪಿರಮಿಡ್ ಬರೆದಿದ್ದೇನೆ, ಪಕ್ಕದಲ್ಲಿ ಒಂದು ಒಂಟೆ. ಒಂಟೆ ಯಾವಾಗಲೂ ಎಮ್ಮೆಯಂತೆ ಬರುತ್ತಿತ್ತು. ಒಮ್ಮೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ನೀವು ಅದನ್ನ ನೋಡಿದೀರಾ?" ಎಂದು ಕೇಳಿದಳು. ನಾನು ಪುಸ್ತಕ ತೆಗಿ ಎಂದು ಗದರಿದೆ. ಆ ಗದರಿಕೆ ಈಗಲೂ ನನಗೆ ಚುಚ್ಚುತ್ತದೆ. ಪಿಂಚಣಿಯಲ್ಲಿ ಮನೆ ನಡೆಯುತ್ತದೆ, ಈಜಿಪ್ಟ್ ನಡೆಯುವುದಿಲ್ಲ. ಹೂಜಿ ಮಾರಿದರೆ ನಡೆಯಬಹುದು ಎಂದು ಆ ಬಿಳಿ ಗವಸಿನಾಕೆ ಹೇಳಿದ ಹಾಗೆ ನನಗೆ ಕೇಳಿಸಿತು.

"ಶಿರಸ್ತೇದಾರರ ಮೊಮ್ಮಗಳು ವೈನ್ ಜಗ್ಗು ಮಾರಿ ವಿಮಾನ ಹತ್ತಿದಳು ಅಂತ ನಾಳೆ ಬೀದಿಯೋರೆಲ್ಲ ಆಡ್ಕೋತಾರೆ," ಎಂದರು ನಮ್ಮ ಮನೆಯವರು.

"ಪಾನಕದ ಹೂಜಿ ಮಾರಿದಳು ಅಂತ ಹೇಳಿ," ಎಂದೆ.

ಇನ್ನು ನಾವು ಮಾಡಿದ ಘನಕಾರ್ಯ ಕೇಳಿ. ಬೇರೆಯವರ ಮುಂದೆ ಕೊಳೆ ಪಾತ್ರೆ ಇಡಬಾರದು ಎಂದು ನನ್ನನ್ನು ಬೆಳೆಸಿದ್ದಾರೆ. ಒಗ್ಗರಣೆ ಸೌಟನ್ನು ಪಕ್ಕದ ಮನೆಗೆ ಕೊಡುವಾಗಲೂ ಬೆಳಗಿ ಕೊಡುವ ಜಾತಿ ನಮ್ಮದು. ಹೂಜಿಯ ಬೆಳ್ಳಿ ಕಪ್ಪಾಗಿತ್ತು, ಕೊರೆತದ ಸಂದಿಯಲ್ಲೆಲ್ಲ ಕರಿ ಕೂತಿತ್ತು. ಇಂಥದ್ದನ್ನು ಅಂಗಡಿಯವನ ಮುಂದೆ ಇಡುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಭಾನುವಾರ ಬೆಳಗ್ಗೆ ಹಿತ್ತಲಲ್ಲಿ ಮಣೆ ಹಾಕಿಕೊಂಡು ಗಂಡ ಹೆಂಡತಿ ಕೂತೆವು. ಮೊದಲು ಹುಣಸೆಹಣ್ಣು, ಆಮೇಲೆ ವಿಭೂತಿ, ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಸಂಜೆಯ ಹೊತ್ತಿಗೆ ಅದು ಇವತ್ತು ಅಂಗಡಿಯಿಂದ ತಂದದ್ದು ಎನ್ನುವಂತೆ ಫಳಫಳ ಹೊಳೆಯುತ್ತಿತ್ತು. ನಮ್ಮ ಮನೆಯವರಿಗೆ ಸೊಂಟ ಹಿಡಿದುಕೊಂಡಿತ್ತು. ನಾನು ಹೆಮ್ಮೆಯಿಂದ ಅಮೃತಾಂಜನ ಹಚ್ಚಿದೆ.

ಸೋಮವಾರ ಆಟೋ ಮಾಡಿಕೊಂಡು ಅವೆನ್ಯೂ ರಸ್ತೆಗೆ ಹೋದೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಅಲ್ಲಿ ಪುಸ್ತಕದ ಅಂಗಡಿಗಳ ಹಿಂದೆ ಒಂದು ಸಣ್ಣ ಗಲ್ಲಿಯಲ್ಲಿ ಸಲೀಂ ಸಾಹೇಬರ ಹಳೇ ಸಾಮಾನಿನ ಅಂಗಡಿಯಿದೆ. ಮೂರು ಜನ ಒಳಗೆ ಬಂದರೆ ಒಂದು ಗಡಿಯಾರ ಹೊರಗೆ ಇಡಬೇಕು, ಅಷ್ಟು ಅಗಲ. ಸಾಹೇಬರಿಗೆ ಎಪ್ಪತ್ತರ ಹತ್ತಿರ. ಈಜಿಪ್ಟಿನ ಆಸೆಯನ್ನೂ ಹೇಳಿಕೊಂಡು ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಹೂಜಿಯನ್ನು ಹೊರತೆಗೆದು ಬೆಳಕಿಗೆ ಹಿಡಿದವರು ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಯಾರು ಮೇಡಂ ಇದನ್ನ ಉಜ್ಜಿದ್ದು?"

"ನಾವೇ. ಇಡೀ ಭಾನುವಾರ ಕೂತು ಉಜ್ಜಿದ್ವಿ."

"ಕಾಣಿಸ್ತಾ ಇದೆ," ಎಂದರು ಸಾಹೇಬರು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಎಷ್ಟೋ ವರ್ಷದಿಂದ ಕೂತಿದ್ದ ಕಪ್ಪನ್ನ ಒಂದೇ ದಿನದಲ್ಲಿ ತೆಗೆದ್ಬಿಟ್ರಿ. ತಗೊಳೋರು ದುಡ್ಡು ಕೊಡೋದು ಆ ಕಪ್ಪಿಗೇನೆ."

"ಅಂದ್ರೆ ಕೊಳೆ ಸಮೇತ ತಂದಿದ್ರೆ ಜಾಸ್ತಿ ಕೊಡ್ತಿದ್ರಾ?" ಎಂದು ನಮ್ಮ ಮನೆಯವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಕೊಡ್ತಿದ್ದೆ ಸಾರ್."

ನಮ್ಮ ಮನೆಯವರು ನನ್ನ ಕಡೆ ತಿರುಗಿ ನೋಡಿದರು. ಉಜ್ಜೋಣ ಎಂದವಳು ನಾನು. ನಾನು ಗೋಡೆಯ ಮೇಲಿದ್ದ ಗಡಿಯಾರ ನೋಡಿದೆ, ಅದು ನಿಂತಿತ್ತು.

ಆದರೂ ಸಾಹೇಬರು ಒಳ್ಳೆಯ ಮೇಷ್ಟ್ರು. ಒಂದು ಗ್ಲಾಸಿನ ಬೆಳ್ಳಿ ಪಾದವನ್ನು ಹಿಡಿದು, ಉಗುರಿನಿಂದ ಅಂಚಿಗೆ ಮೆತ್ತಗೆ ಬಡಿದರು. ದೇವರ ಮನೆಯ ಗಂಟೆಯ ಹಾಗೆ ಸದ್ದು ಎದ್ದು, ನಿಧಾನವಾಗಿ ಇಳಿಯಿತು. ಒಳ್ಳೇ ಗಾಜು ಹೀಗೆ ಹಾಡತ್ತೆ, ಸಾಧಾರಣದ್ದು ಟಕ್ ಅಂದು ಸುಮ್ಮನಾಗತ್ತೆ ಎಂದರು. ದ್ರಾಕ್ಷಿ ಎಲೆಯ ಮೇಲೆ ಬೆರಳು ಆಡಿಸಿ ನೋಡಿ ಎಂದರು. ಅಂಚು ಚುಚ್ಚಿತು. ಅಚ್ಚಿನಲ್ಲಿ ಹೊಯ್ದ ಗಾಜಾದರೆ ಅಂಚು ಮೊಂಡಾಗಿರುತ್ತದಂತೆ, ಇದು ಕೈಯಲ್ಲಿ ಹಿಡಿದು ಚಕ್ರಕ್ಕೆ ಕೊಟ್ಟು ಕೊರೆದದ್ದು. ಆರು ಗ್ಲಾಸಿನಲ್ಲಿ ಒಂದರ ಎಲೆ ಮಾತ್ರ ಸೊಟ್ಟಗಿತ್ತು. ಕೊರೆದವನಿಗೆ ಆ ಹೊತ್ತಿಗೆ ಊಟದ ನೆನಪಾಗಿರಬೇಕು. ಅಷ್ಟು ದೂರದ ದೇಶದಲ್ಲಿ, ಅಷ್ಟು ವರ್ಷದ ಹಿಂದೆ ಹಸಿದ ಒಬ್ಬ ಮನುಷ್ಯನ ಸೊಟ್ಟ ಎಲೆಯಲ್ಲಿ ನಾವು ಪಾನಕ ಕುಡಿದಿದ್ದೆವಲ್ಲ ಎಂದು ನನಗೆ ಆ ಗಲ್ಲಿಯ ಗಲಾಟೆಯಲ್ಲೂ ಸಂತೋಷವಾಯಿತು.

ಕೊನೆಗೆ ಸಾಹೇಬರು ಮುಚ್ಚಳವನ್ನು ಅಂಗಾತ ಮಾಡಿ ಭೂತಗನ್ನಡಿ ಹಿಡಿದರು. "ಇಂಗ್ಲೆಂಡಿನ ಬೆಳ್ಳಿ ಆದ್ರೆ ಇಲ್ಲಿ ಸಿಂಹದ ಮುದ್ರೆ ಇರ್ಬೇಕು ಮೇಡಂ. ಇದೆ. ಬಾಲ ಇದೆ, ಹಿಂದಿನ ಎರಡು ಕಾಲಿದೆ. ಮುಖದ ಮೇಲೆ ಮಾತ್ರ ನಿಮ್ಮೋರು ಹೆಸರು ಕೊರೆಸಿದಾರೆ."

ನನಗೆ ಆಶ್ಚರ್ಯವಾಗಲಿಲ್ಲ. ಪಾತ್ರೆ ಕಂಡರೆ ಹೆಸರು ಕೊರೆಸದೆ ಬಿಡುವ ಕುಟುಂಬವೇ ನಮ್ಮದು? ಯಾರ ಮನೆಯ ಮದುವೆಯೆಂದರೂ ನಮ್ಮ ಕೊಳಗ, ಸೌಟು, ಹರಿವಾಣಗಳು ಹೋಗಿ ಬರುತ್ತಿದ್ದವು. ಹೆಸರಿಲ್ಲದ್ದು ಹೋದರೆ ಬರುವುದಿಲ್ಲ. ಹಾಗಾಗಿ ಬಳೇಪೇಟೆಯಲ್ಲಿ ಪಾತ್ರೆ ಕೊಂಡ ತಕ್ಷಣ, ಅಂಗಡಿಯ ಮೆಟ್ಟಿಲ ಮೇಲೆ ಕೂತವನ ಹತ್ತಿರ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆಸಿ ಅಜ್ಜಿಯ ಹೆಸರು ಬರೆಸಿಯೇ ಮನೆಗೆ ತರುತ್ತಿದ್ದರು. ಎಲ್ಲದರ ಮೇಲೂ ಅಜ್ಜಿಯ ಹೆಸರೇ ಇರುವಾಗ, ಉಜ್ಜುವಾಗ ಚುಕ್ಕಿ ಕಂಡರೂ ಹೂಜಿಯ ಮುಚ್ಚಳ ತಿರುಗಿಸಿ ಓದುವ ಗೋಜಿಗೆ ಯಾರು ಹೋಗುತ್ತಾರೆ? ಸಿಂಹವೊಂದು ಅಲ್ಲಿ ಕೂತಿತ್ತೆಂದು ನಮಗೇನು ಗೊತ್ತು?

ಸಾಹೇಬರು ಇನ್ನೂ ನೋಡುತ್ತಲೇ ಇದ್ದರು. ನಾವು ಉಜ್ಜಿದ ವಿಭೂತಿ ಆ ಚುಕ್ಕಿಗಳಲ್ಲಿ ತುಂಬಿಕೊಂಡು ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಚಿ. ಸೌ. ಕಮಲಳಿಗೆ. ಕಮಲಾ ಅಂದ್ರೆ ನೀವಾ ಮೇಡಂ?"

ನನ್ನ ಹೆಸರು ಸುಮ. ಅಜ್ಜಿಯ ಹೆಸರು ಪುಟ್ಟಲಕ್ಷಮ್ಮ. ನಾನು ಭೂತಗನ್ನಡಿ ಕಿತ್ತುಕೊಂಡು ನೋಡಿದೆ. ಆರು ಗ್ಲಾಸಿನ ಪಾದಗಳನ್ನೂ ತಿರುಗಿಸಿ ನೋಡಿದೆ. ಏಳರಲ್ಲೂ ಒಂದೇ ಬರಹ. ಚಿ. ಸೌ. ಎಂದು ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿನ ಮುಂದೆ ಹಾಕುತ್ತಾರೆ. ಇದು ಮಗಳ ಮದುವೆಗೆ ಅಂತ ಅಜ್ಜಿ ಎತ್ತಿಟ್ಟ ಬಳುವಳಿ.

ಕಮಲ ಎಂದರೆ ನನ್ನ ಸೋದರತ್ತೆ, ನಮ್ಮ ತಂದೆಯ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ಯಾವುದೋ ಸಂಬಂಧ ಗೊತ್ತುಮಾಡಿದ್ದಾಗ, ಅದನ್ನು ಬಿಟ್ಟು ತನ್ನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಬೇರೆ ಜಾತಿಯವರೊಬ್ಬರನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ತಾತ ಬಾಗಿಲು ಹಾಕಿಕೊಂಡರು. ನಾಲ್ಕು ವರ್ಷದ ಮೇಲೆ ಅಜ್ಜಿ ಹಟ ಹಿಡಿದು ಬಾಗಿಲು ತೆಗೆಸಿದರು, ಅತ್ತೆ ಮಾವ ಹಬ್ಬ ಹುಣ್ಣಿಮೆಗೆ ಬಂದು ಹೋಗತೊಡಗಿದರು. ಬಾಗಿಲು ತೆರೆಯಿತು, ಬೀರು ತೆರೆಯಲಿಲ್ಲ. ಅವಳ ಪಾಲಿನ ಪೆಟ್ಟಿಗೆ ಅಣ್ಣನಿಗೆ, ಅಂದರೆ ನಮ್ಮ ತಂದೆಗೆ ಹೋಯಿತು. ಅವರಿಂದ ಅವರ ಒಬ್ಬಳೇ ಮಗಳಾದ ನನಗೆ ಬಂತು. ಕಮಲತ್ತೆಗೆ ಈಗ ಎಂಬತ್ತನಾಲ್ಕು. ಮಲ್ಲೇಶ್ವರದಲ್ಲಿದ್ದಾಳೆ, ಇಲ್ಲಿಂದ ಆಟೋದಲ್ಲಿ ಅರ್ಧ ಗಂಟೆ.

"ಒಂದು ಮಾತು ಮೇಡಂ," ಎಂದರು ಸಾಹೇಬರು, ಅತ್ತೆಯ ವಿಷಯ ನನ್ನಿಂದ ಕೇಳಿಕೊಂಡು. "ನಮ್ಮಪ್ಪ ಒಂದು ಪದ್ಧತಿ ಮಾಡಿಟ್ಟಿದಾರೆ. ಸಾಮಾನಿನ ಮೇಲೆ ಹೆಸರಿದ್ದು, ಆ ಮನುಷ್ಯರು ಬದುಕಿದ್ರೆ, ಅವರ ಬಾಯಿಂದ ಹೂಂ ಅನ್ನಿಸ್ಕೊಂಡೇ ತಗೋಬೇಕು. ಇದು ಚೆನ್ನಾಗಿದೆ, ನೀವು ಉಜ್ಜಿದ್ರೂ ಚೆನ್ನಾಗಿದೆ. ಈಜಿಪ್ಟಿಗೆ ಹೋಗೋ ಟಿಕೆಟ್ಟಿಗಂತೂ ಮೋಸ ಇಲ್ಲ. ಅವರೊಂದು ಫೋನ್ ಮಾಡಿ ಕೊಟ್ಬಿಡು ಅಂದ್ರೂ ಸಾಕು." ಆಟೋ ಹತ್ತಿಸುವಾಗ ಪೆಟ್ಟಿಗೆಯನ್ನು ಅವರೇ ಹೊತ್ತು ತಂದು ಕೊಟ್ಟರು.

ನಿಮಗೆ ನಮ್ಮ ದಾನಶಾಸನಗಳ ಬಗ್ಗೆ ಒಂದು ಮಾತು ಹೇಳಬೇಕು. ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ. ರಾಜನೋ ಗೌಡನೋ ಯಾರಿಗಾದರೂ ಹೊಲ, ಕೆರೆ, ಊರು ಕೊಟ್ಟರೆ ಅದನ್ನು ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಕೊಟ್ಟದ್ದು ಒಂದೆರಡು ಸಾಲಾದರೆ, ಕೊಟ್ಟದ್ದನ್ನು ಕಿತ್ತುಕೊಳ್ಳುವವನಿಗೆ ಶಾಪ ನಾಲ್ಕು ಸಾಲು. ಅಂಥವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಬರುತ್ತದೆ, ಹುಳುವಾಗಿ ಹುಟ್ಟುತ್ತಾನೆ, ಇತ್ಯಾದಿ. ಮಕ್ಕಳಿಗೆ ಇದನ್ನು ಹೇಳುವಾಗ ನಾನು ಶಾಪದ ಭಾಗಕ್ಕೆ ದನಿ ಏರಿಸುತ್ತಿದ್ದೆ, ಹಿಂದಿನ ಬೆಂಚಿನವರೂ ಎಚ್ಚರವಾಗುತ್ತಿದ್ದರು. ಪರರಿಗೆ ಕೊಟ್ಟದ್ದನ್ನು ಕಿತ್ತು ಉಂಡವರು ಎಂದರೆ ನನ್ನ ಕಣ್ಣಮುಂದೆ ಯಾವಾಗಲೂ ಮೀಸೆಯಿರುವ, ಕತ್ತಿ ಹಿಡಿದ ಯಾರೋ ಬರುತ್ತಿದ್ದರು. ಪಿಂಚಣಿ ತೆಗೆದುಕೊಳ್ಳುವ ಹೆಂಗಸು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಎಂದು ಯಾರಿಗೆ ಹೊಳೆಯುತ್ತದೆ?

ಮೂರು ದಿನ ಮನಸ್ಸು ಬಗೆಬಗೆಯಾಗಿ ವಾದ ಮಾಡಿತು. ಅತ್ತೆ ಇಷ್ಟು ವರ್ಷ ಒಂದು ಸಲವೂ ಕೇಳಿಲ್ಲ, ಹಾಗಾದರೆ ಅವಳಿಗೆ ಬೇಡವೆಂದೇ ಅರ್ಥ. ಅವಳಿಗೆ ಮರೆತೂ ಹೋಗಿರಬಹುದು. ಸುಮ್ಮನೆ ಹಳೆಯ ಗಾಯ ಕೆದಕುವುದೇಕೆ? ವಾದಗಳೆಲ್ಲ ಚೆನ್ನಾಗಿದ್ದವು, ಎಲ್ಲವೂ ಈಜಿಪ್ಟಿನ ಕಡೆಗೇ ಹೋಗುತ್ತಿದ್ದವು. ಅದರಿಂದಲೇ ನನಗೆ ಅವುಗಳ ಮೇಲೆ ನಂಬಿಕೆ ಬರಲಿಲ್ಲ.

ನಾಲ್ಕನೆಯ ದಿನ ಒಂದು ಉಪಾಯ ಹೊಳೆಯಿತು. ನೇರವಾಗಿ ಹೋಗಿ ಕೊಟ್ಟುಬಿಡುವುದು. ಕೊಟ್ಟರೆ ಅವಳು ತೆಗೆದುಕೊಳ್ಳುವುದಿಲ್ಲ, ಅದು ನನಗೆ ಖಾತ್ರಿ. ನಮ್ಮ ಪೈಕಿ ಯಾರಿಗಾದರೂ ಏನಾದರೂ ಕೊಡಿ ನೋಡೋಣ, ಮೊದಲು ಬೇಡ ಎನ್ನುತ್ತಾರೆ. ಕಾಫಿ ಬೇಡ, ಈಗ ತಾನೇ ಆಯಿತು. ಊಟ ಬೇಡ, ಹೊಟ್ಟೆ ತುಂಬಿದೆ. ಸೀರೆ ಬೇಡ, ಇರೋದೇ ಉಡೋಕಾಗ್ತಿಲ್ಲ. ಎರಡನೆಯ ಸಲ ಬಲವಂತ ಮಾಡಬೇಕು, ಆಗಲೂ ಬೇಡ. ಮೂರನೆಯ ಸಲಕ್ಕೆ "ನಿಮ್ಮ ಬಲವಂತಕ್ಕೆ" ಎಂದು ತೆಗೆದುಕೊಳ್ಳುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ, ಇದರಲ್ಲಿ ಯಾರಿಗೂ ಮೋಸವಿಲ್ಲ. ನನ್ನ ಯೋಜನೆ ಇಷ್ಟೇ: ಅತ್ತೆಗೆ ಮನಸಾರೆ ಕೊಡುವುದು, ಅವಳು ಬೇಡ ಎಂದಾಗ ಒಂದೇ ಒಂದು ಸಲ ಬಲವಂತ ಮಾಡುವುದು, ಮೂರನೆಯ ಸಲ ಮಾಡದೆ ಎದ್ದು ಬರುವುದು. ಧರ್ಮವೂ ಉಳಿಯಿತು, ಪೆಟ್ಟಿಗೆಯೂ ಉಳಿಯಿತು. ಇದನ್ನು ಹೇಳಿದಾಗ ನಮ್ಮ ಮನೆಯವರು, "ನೀನು ಕಚೇರಿ ಕೆಲಸಕ್ಕೆ ಸೇರ್ಬೇಕಿತ್ತು, ಶಿರಸ್ತೇದಾರಳಾಗ್ತಿದ್ದೆ," ಎಂದರು.

ಮಲ್ಲೇಶ್ವರದಲ್ಲಿ ಅತ್ತೆಯ ಮನೆ ಮಹಡಿಯ ಮೇಲೆ, ಕೆಳಗೆ ಮಗ ಸೊಸೆ. ಮಾವ ತೀರಿಕೊಂಡು ಕೆಲವು ವರ್ಷವಾಯಿತು. ನಾನು ಹೋದಾಗ ಅತ್ತೆ ಕಿಟಕಿಯ ಹತ್ತಿರ ಕೂತು ಪೇಪರಿನ ಪದಬಂಧ ಬಿಡಿಸುತ್ತಿದ್ದಳು. ಮನಸ್ಸಿನಲ್ಲಿ ಏಕವಚನವಾದರೂ ಎದುರಿಗೆ ನಾನು ಅವಳನ್ನು ನೀವು ಎಂದೇ ಕರೆಯುವುದು. ಪೆಟ್ಟಿಗೆಯನ್ನು ಅವಳ ಮುಂದಿಟ್ಟು, ಮುಚ್ಚಳ ತೆಗೆದು, ಹೂಜಿಯ ಬೆಳ್ಳಿ ಮುಚ್ಚಳವನ್ನು ತಿರುಗಿಸಿ ಅವಳ ಕೈಗೆ ಕೊಟ್ಟೆ. ಅವಳು ಕನ್ನಡಕ ಮೇಲೆತ್ತಿಕೊಂಡು ನೋಡಿದಳು. ಹೆಬ್ಬೆರಳಿನಿಂದ ಆ ಚುಕ್ಕಿಗಳನ್ನು ಸವರಿದಳು.

"ಇದನ್ನ ಯಾಕೆ ಇಷ್ಟು ಉಜ್ಜಿದೀಯ?" ಎಂದಳು.

ನಾನು ಎಲ್ಲವನ್ನೂ ಹೇಳಿದೆ. ವಿಡಿಯೋ, ಸಾಹೇಬರು, ಸಿಂಹದ ಬಾಲ, ಈಜಿಪ್ಟ್. ಉಪಾಯದ ಭಾಗವೊಂದನ್ನು ಬಿಟ್ಟು. ಅತ್ತೆ ಈಜಿಪ್ಟಿನ ಮಾತಿಗೆ ನಕ್ಕಳು. "ಪಿರಮಿಡ್ ಎಲ್ಲಿಗೂ ಎದ್ದು ಹೋಗಲ್ಲ ಬಿಡು," ಎಂದಳು. ಆಮೇಲೆ ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದ ವಾಕ್ಯವನ್ನು ಹೇಳಿದೆ. "ಅತ್ತೆ, ಇದರ ಮೇಲೆ ನಿಮ್ಮ ಹೆಸರಿದೆ. ಇದು ನಿಮ್ದು. ನೀವು ಇಟ್ಕೋಬೇಕು."

ಹೇಳಿ, ಬೇಡ ಎಂಬ ಮಾತಿಗೆ ಕಾದೆ.

ಅತ್ತೆ ಪದಬಂಧದ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟಳು. "ನನ್ನನ್ನ ಒಂದ್ಮಾತು ಕೇಳೋಕೆ ಮುಂಚೇನೇ ಅಮ್ಮ ಹೆಸರು ಕೊರೆಸಿದ್ಲು," ಎಂದಳು. "ಗಂಡಿನ ಹೆಸರನ್ನೂ ಕೊರೆಸಿರ್ಲಿಲ್ಲ, ಅದೇ ಪುಣ್ಯ. ನಾವು ಮತ್ತೆ ಮನೆಗೆ ಬರೋಕೆ ಶುರು ಮಾಡಿದ ಮೇಲೆ ಮೊದಲನೇ ರಾಮನವಮಿ ದಿನ, ಪಾನಕ ಬಡಿಸು ಅಂತ ಇದನ್ನ ನನ್ನ ಕೈಗೇ ಕೊಟ್ಲು. ಬಡಿಸಿ ಬಂದು ಅಡುಗೆಮನೇಲಿ ಇಟ್ಟೆ. ಅಲ್ಲಿ ನಾವಿಬ್ರೇ ಇದ್ವಿ. ಮೆಲ್ಲಗೆ ಕೇಳಿದ್ಲು, ಇದನ್ನ ತಗೊಂಡ್ ಹೋಗ್ತೀಯೇನೇ ಅಂತ."

"ನೀವೇನಂದ್ರಿ?"

"ಬೇಡ ಅಂದೆ. ಎಲ್ಲರೂ ಅನ್ನೋ ಹಾಗೆ ಅಂದೆ. ಇನ್ನೊಂದ್ಸಲ ಕೇಳ್ತಾಳೆ ಅಂದ್ಕೊಂಡೆ." ಅತ್ತೆ ಮುಚ್ಚಳವನ್ನು ಹೂಜಿಗೆ ಹಾಕಿ, ತೆಗೆದು, ಮತ್ತೆ ಹಾಕಿದಳು. "ಅವಳು ಕೇಳ್ಲಿಲ್ಲ. ನಾನು ನಿಜವಾಗ್ಲೂ ಬೇಡ ಅಂದೆ ಅಂದ್ಕೊಂಡ್ಲೋ ಏನೋ, ಅಪ್ಪನಿಗೆ ಹೆದರಿದ್ಲೋ ಏನೋ. ಪ್ರತಿ ವರ್ಷ ಬಡಿಸ್ತಿದ್ದೆ. ಪ್ರತಿ ವರ್ಷ ಅಡುಗೆಮನೇಲಿ ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೋತಿದ್ದೆ. ಈಗ ನೀನು ಬಂದು ಎರಡನೇ ಸಲ ಕೇಳಿದ ಹಾಗಾಯ್ತು."

ನಾನು ಮೂರನೆಯ ಸಲ ಕೇಳಬಾರದು ಎಂದು ಲೆಕ್ಕ ಹಾಕಿಕೊಂಡು ಬಂದವಳು.

"ಬೇಕು," ಎಂದಳು ಅತ್ತೆ. "ಕೊಡು."

ಗ್ಲಾಸುಗಳನ್ನು ಒಂದೊಂದಾಗಿ ಎಣಿಸಿ, ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಥ್ಯಾಂಕ್ಸ್ ಇಲ್ಲ, ಕಣ್ಣೀರಿಲ್ಲ, ನಿನಗೆ ಬೇಜಾರಿಲ್ಲ ತಾನೆ ಎಂಬ ಮಾತಿಲ್ಲ. ಬೇಜಾರಿತ್ತು, ಸುಳ್ಳು ಏಕೆ ಹೇಳಲಿ? ಜುಲೈ ತಿಂಗಳ ಮೂರೂ ಪಿರಮಿಡ್ ಒಟ್ಟಿಗೆ ಎದೆಯ ಮೇಲೆ ಕೂತ ಹಾಗಾಯಿತು. ಆದರೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ ಅತ್ತೆಯ ಮುಖ ನೋಡಿದೆ. ಎಂಬತ್ತನಾಲ್ಕು ವರ್ಷದ ಆ ಮುಖದಲ್ಲಿ ಮದುಮಗಳ ಗತ್ತಿತ್ತು. ಅದನ್ನು ನೋಡಿದ ಮೇಲೆ ಬೇಜಾರು ಪೂರ್ತಿ ಹೋಯಿತೆಂದಲ್ಲ, ಅರ್ಧ ಹೋಯಿತು.

ಹೊರಡುವಾಗ ಅತ್ತೆ ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ಹಿಡಿದಳು. "ಚಟ್ನಿಪುಡಿ. ನಿನ್ನೆ ಮಾಡಿದ್ದು. ತಗೊಂಡ್ ಹೋಗು."

ಅವಳ ಚಟ್ನಿಪುಡಿ ಎಂದರೆ ನನಗೆ ಪ್ರಾಣ. ಆದರೆ ನನ್ನ ಬಾಯಿ ತನ್ನ ಪಾಡಿಗೆ ತಾನು ಹೇಳಿತು, "ಅಯ್ಯೋ ಬೇಡ ಅತ್ತೆ, ನಿಮಗೆ ಯಾಕೆ ತೊಂದರೆ."

"ಸರಿ," ಎಂದು ಅತ್ತೆ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೊರಟಳು.

ನಾನು ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸಿಕೊಂಡು ನಿಂತಿದ್ದೆ. ಎರಡನೆಯ ಸಲ ಕೇಳುತ್ತಾಳೆ ಎಂದು ಕಾದೆ. ಒಳಗೆ ಡಬ್ಬಿಯನ್ನು ಅರೆಯ ಮೇಲಿಟ್ಟ ಸದ್ದು ಕೇಳಿಸಿತು. ಅವಳು ಕೇಳುವವಳಲ್ಲ ಎಂದು ಅರ್ಥವಾಯಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

"ಬೇಕು ಅತ್ತೆ."

ಅವಳು ಆ ಡಬ್ಬಿಯ ಪಕ್ಕದಲ್ಲಿದ್ದ ದೊಡ್ಡ ಡಬ್ಬಿಯನ್ನು ತೆಗೆದು ಕೊಟ್ಟಳು.